ನೊರೆಯಿಂದ ಹುಟ್ಟುವ ಇಟ್ಟಿಗೆ: ನೊರೆಕಾರಕಗಳು ಮತ್ತು ರಂಧ್ರಮಯ ವಸ್ತುಗಳ ಗುಣಧರ್ಮ

ಕೊಪ್ಪಳ ಜಿಲ್ಲೆಯ ಕುಕನೂರು ಕಟ್ಟಡ ಕಲೆಗೆ ಹೊಸ ಊರಲ್ಲ. ರಾಷ್ಟ್ರಕೂಟರ ಕಾಲದ ನವಲಿಂಗ ದೇವಾಲಯ ಸಮೂಹ ಇಲ್ಲಿದೆ. 1112ರಲ್ಲಿ ಕಲ್ಯಾಣ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಕಟ್ಟಿಸಿದ, 'ದೇವಾಲಯ ಚಕ್ರವರ್ತಿ' ಎಂದು ಶಾಸನದಲ್ಲಿ ಹೊಗಳಿಸಿಕೊಂಡ ಇಟಗಿಯ ಮಹಾದೇವ ದೇವಾಲಯವೂ ಸಮೀಪದಲ್ಲೇ ಇದೆ. ದೇವರಿಗೆ ಕಲ್ಲಿನ ಮನೆಯಾದರೆ ಜನರಿಗೆ ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಜಂತಿಮನೆ ಎಂಬುದು ಈ ಸೀಮೆಯ ಹಳೆಯ ರೂಢಿ. ಬೇಸಿಗೆಯ ಉರಿಬಿಸಿಲನ್ನು ಆ ಮಣ್ಣಿನ ಗೋಡೆ ತಡೆಯುತ್ತಿತ್ತು. ಅದರ ಜಾಗಕ್ಕೆ ಬಂದ ಸುಟ್ಟ ಇಟ್ಟಿಗೆ ಮತ್ತು ಸಿಮೆಂಟ್ ಇಟ್ಟಿಗೆಯ ತೆಳು ಗೋಡೆಗಳು ಬಿಸಿಲನ್ನು ಅಷ್ಟಾಗಿ ತಡೆಯಲಾರವು. ಈಗ ನಗರಗಳಿಂದ ಆರಂಭವಾಗಿ ತಾಲ್ಲೂಕು ಕೇಂದ್ರಗಳವರೆಗೂ ಮತ್ತೊಂದು ವಸ್ತು ತಲುಪುತ್ತಿದೆ. ನೋಡಲು ಬೂದುಬಿಳುಪು, ಎತ್ತಲು ಹಗುರ, ಒಣಗಿದ್ದಾಗ ನೀರಿಗೆ ಹಾಕಿದರೆ ತೇಲುವ 'ಎಎಸಿ ಬ್ಲಾಕ್'.

ಈ ಇಟ್ಟಿಗೆ ಹಗುರವಾಗಿರುವುದಕ್ಕೆ, ತಂಪಾಗಿರುವುದಕ್ಕೆ, ಕೆಲವೊಮ್ಮೆ ಬಿರುಕು ಬಿಡುವುದಕ್ಕೂ ಮೂಲ ಕಾರಣ ಒಂದೇ: ಅದರೊಳಗಿನ ರಂಧ್ರಗಳು. ಆ ರಂಧ್ರಗಳನ್ನು ಸೃಷ್ಟಿಸುವುದು ಮಿಶ್ರಣಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಸೇರಿಸುವ ನೊರೆಕಾರಕ. ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಎಡವುತ್ತದೆ, ಮನೆ ಕಟ್ಟುವವರು ಏನನ್ನು ಗಮನಿಸಬೇಕು ಎಂಬ ವಿವರ ಇಲ್ಲಿದೆ.

ಏನಿದು ರಂಧ್ರಮಯ ವಸ್ತು?

ಕುಂಬಾರನ ಗಡಿಗೆಯೇ ಇದರ ಅತಿ ಪರಿಚಿತ ಉದಾಹರಣೆ. ಸುಟ್ಟ ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ನೀರು ಹೊರಮೈಗೆ ಜಿನುಗಿ ಆವಿಯಾಗುವುದರಿಂದ ಗಡಿಗೆಯ ನೀರು ತಂಪಾಗುತ್ತದೆ. ಮಣ್ಣಿಗೆ ಹೊಟ್ಟು ಅಥವಾ ಮರದ ಪುಡಿ ಬೆರೆಸಿ ಸುಟ್ಟರೆ ಅದು ಉರಿದುಹೋಗಿ ಅದಿದ್ದ ಜಾಗ ಖಾಲಿಯಾಗುತ್ತದೆ, ಇಟ್ಟಿಗೆ ಹಗುರವಾಗುತ್ತದೆ. ಕುಲುಮೆಗಳ ಒಳಗೋಡೆಗೆ ಬಳಸುವ ಶಾಖನಿರೋಧಕ ಇಟ್ಟಿಗೆಗಳನ್ನು ಇಂದಿಗೂ ಈ ತತ್ವದ ಮೇಲೆ ತಯಾರಿಸುವುದುಂಟು.

ನೆರೆಯ ತೆಲಂಗಾಣದ ಪಾಲಂಪೇಟೆಯಲ್ಲಿ 1213ರ ಸುಮಾರಿಗೆ ಕಾಕತೀಯರ ಸೇನಾನಿ ರೇಚೆರ್ಲ ರುದ್ರನು ಕಟ್ಟಿಸಿದ ರಾಮಪ್ಪ ದೇವಾಲಯದ ಶಿಖರದಲ್ಲಿ ನೀರಿನಲ್ಲಿ ತೇಲುವ ಇಟ್ಟಿಗೆಗಳನ್ನು ಬಳಸಲಾಗಿದೆ. ಕೆಳಗಿನ ಕಲ್ಲಿನ ಕಟ್ಟಡದ ಮೇಲೆ ಭಾರ ಹೆಚ್ಚಾಗದಿರಲೆಂದು ಈ ಉಪಾಯ. 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ದೇಗುಲ, ಹಗುರ ಇಟ್ಟಿಗೆಯ ಕಲ್ಪನೆ ದಖ್ಖನಿಗೆ ಹೊಸದಲ್ಲ ಎಂಬುದಕ್ಕೆ ಸಾಕ್ಷಿ.

ಆಧುನಿಕ ವಿಧಾನ ಬೇರೆ. ಇಲ್ಲಿ ಉರಿದುಹೋಗುವ ವಸ್ತುವಿನ ಬದಲು ಅನಿಲವೇ ರಂಧ್ರ ನಿರ್ಮಿಸುತ್ತದೆ. ಉದ್ದಿನ ಹಿಟ್ಟು ಹುಳಿಬಂದು ಉಬ್ಬುವಂತೆ, ಸುಣ್ಣ–ಸಿಮೆಂಟಿನ ಮಿಶ್ರಣ ಅನಿಲದಿಂದ ಉಬ್ಬಿ, ಆ ಸ್ಥಿತಿಯಲ್ಲೇ ಗಟ್ಟಿಯಾಗುತ್ತದೆ. 20ನೇ ಶತಮಾನದ ಆರಂಭದಲ್ಲಿ ಯೂರೋಪ್ ಮತ್ತು ಅಮೆರಿಕದಲ್ಲಿ ಇದಕ್ಕೆ ಪ್ರಯತ್ನಗಳು ನಡೆದಿದ್ದವು. 1920ರ ದಶಕದಲ್ಲಿ ಸ್ವೀಡನ್ನಿನ ವಾಸ್ತುಶಿಲ್ಪಿ ಜೋಹಾನ್ ಆಕ್ಸೆಲ್ ಎರಿಕ್ಸನ್ ಈ ಉಬ್ಬಿದ ಮಿಶ್ರಣವನ್ನು ಹಬೆಯ ಒತ್ತಡದಲ್ಲಿ ಬೇಯಿಸುವ ಕ್ರಮ ರೂಪಿಸಿದರು. ಅಲ್ಲಿ 1929ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭವಾಯಿತು.

ಹಾರುಬೂದಿಯ ಹಿನ್ನೆಲೆ

ಈ ಭಾಗಕ್ಕೆ ವಿಷಯ ಮುಖ್ಯವಾಗುವುದು ಕಚ್ಚಾವಸ್ತುವಿನ ಕಾರಣದಿಂದ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. ನಂತರ ಬಳ್ಳಾರಿ ಜಿಲ್ಲೆಯ ಕುಡತಿನಿ, ರಾಯಚೂರು ಸಮೀಪದ ಯರಮರಸ್, ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿಯೂ ಕೇಂದ್ರಗಳು ತಲೆ ಎತ್ತಿದವು. ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಸಾಮಾನ್ಯವಾಗಿ ಶೇ 30ರಿಂದ 40ರಷ್ಟಿರುವುದರಿಂದ ಪ್ರತಿ ಕೇಂದ್ರವೂ ಅಪಾರ ಹಾರುಬೂದಿಯನ್ನು ಉತ್ಪಾದಿಸುತ್ತದೆ. ಜತೆಗೆ ಕೊಪ್ಪಳದ ಗಿಣಿಗೇರಾ, ಬೇವಿನಹಳ್ಳಿ ಮತ್ತು ಬಳ್ಳಾರಿಯ ತೋರಣಗಲ್ಲು ಭಾಗದ ಕಬ್ಬಿಣ–ಉಕ್ಕಿನ ಕಾರ್ಖಾನೆಗಳಿಂದ ಕಿಟ್ಟ, ಗಂಗಾವತಿಯ ಅಕ್ಕಿ ಗಿರಣಿಗಳಿಂದ ಭತ್ತದ ಹೊಟ್ಟಿನ ಬೂದಿ ಹೊರಬರುತ್ತವೆ. ಸಿಲಿಕಾಂಶವುಳ್ಳ ಈ ತ್ಯಾಜ್ಯಗಳು ಸರಿಯಾಗಿ ಸಂಸ್ಕರಿಸಿದರೆ ಕಟ್ಟಡ ಸಾಮಗ್ರಿಯ ಮೂಲದ್ರವ್ಯಗಳು.

ಕೇಂದ್ರ ಪರಿಸರ ಸಚಿವಾಲಯ 1999ರ ಸೆಪ್ಟೆಂಬರ್ 14ರಂದು ಹೊರಡಿಸಿದ ಅಧಿಸೂಚನೆ ಹಾರುಬೂದಿಯ ಬಳಕೆಯನ್ನು ಕಡ್ಡಾಯದ ವ್ಯಾಪ್ತಿಗೆ ತಂದಿತು. ಇಟ್ಟಿಗೆಗಾಗಿ ಹೊಲದ ಮೇಲ್ಮಣ್ಣು ಅಗೆಯುವುದನ್ನು ತಡೆಯುವುದು ಅದರ ಉದ್ದೇಶಗಳಲ್ಲೊಂದು. 2021ರ ಡಿಸೆಂಬರ್ 31ರ ಅಧಿಸೂಚನೆ, ವಿದ್ಯುತ್ ಕೇಂದ್ರಗಳು ತಮ್ಮ ಬೂದಿಯನ್ನು ನಿಗದಿತ ವರ್ಷಗಳ ಆವರ್ತನದಲ್ಲಿ ಪೂರ್ಣವಾಗಿ ಬಳಕೆಯಾಗುವಂತೆ ನೋಡಿಕೊಳ್ಳಬೇಕೆಂದು ವಿಧಿಸಿತು. ಹಾರುಬೂದಿ ಆಧಾರಿತ ಹಗುರ ಇಟ್ಟಿಗೆಯ ಉದ್ಯಮ ಬೆಳೆದದ್ದರ ಹಿಂದೆ ಈ ಒತ್ತಾಸೆಯೂ ಇದೆ.

ನೊರೆಕಾರಕಗಳ ಮೂರು ಬಗೆ

ಮೊದಲನೆಯದು ಅಲ್ಯೂಮಿನಿಯಂ ಪುಡಿ. ಎಎಸಿ ಬ್ಲಾಕಿನ ಮಿಶ್ರಣದಲ್ಲಿ ಹಾರುಬೂದಿಯದೇ ಸಿಂಹಪಾಲು. ಉಳಿದಂತೆ ಸುಣ್ಣ, ಸಿಮೆಂಟ್, ಸ್ವಲ್ಪ ಜಿಪ್ಸಂ ಮತ್ತು ನೀರು. ಸುಣ್ಣ ನೀರಿನಲ್ಲಿ ಬೆರೆತಾಗ ಉಂಟಾಗುವ ಕ್ಷಾರದೊಂದಿಗೆ ಅಲ್ಯೂಮಿನಿಯಂ ವರ್ತಿಸಿ ಜಲಜನಕ ಅನಿಲ ಬಿಡುಗಡೆ ಮಾಡುತ್ತದೆ. ಒಂದು ಗ್ರಾಂ ಅಲ್ಯೂಮಿನಿಯಮಿನಿಂದ ಹೊರಡುವ ಅನಿಲ ಸುಮಾರು ಒಂದೂಕಾಲು ಲೀಟರ್. ಹೀಗಾಗಿ ಪುಡಿಯ ಪ್ರಮಾಣ ಒಣ ಮಿಶ್ರಣದ ತೂಕದ ಶೇ 0.05ರಿಂದ 0.08ರಷ್ಟಿದ್ದರೆ ಸಾಕು. 600 ಕಿಲೋ ತೂಗುವ ಒಂದು ಘನ ಮೀಟರ್ ವಸ್ತುವಿಗೆ ಬೇಕಾಗುವುದು ಸುಮಾರು 400 ಗ್ರಾಂ ಪುಡಿ. ಅದರಿಂದ ಹುಟ್ಟುವ ಅನಿಲ ಆ ಘನ ಮೀಟರಿನ ಸುಮಾರು ಅರ್ಧ ಭಾಗವನ್ನು ಆಕ್ರಮಿಸುತ್ತದೆ. ಉಬ್ಬಿದ ಮುದ್ದೆ ಕೆಲವು ಗಂಟೆಗಳಲ್ಲಿ ಬಿಗಿಯಾದಾಗ ತಂತಿಯಿಂದ ಕತ್ತರಿಸಿ, ಆಟೊಕ್ಲೇವ್ ಎಂಬ ಭಾರೀ ಹಬೆಪಾತ್ರೆಯಲ್ಲಿ ಸುಮಾರು 180ರಿಂದ 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ಬೇಯಿಸಲಾಗುತ್ತದೆ. ಆಗ ಸುಣ್ಣ ಮತ್ತು ಸಿಲಿಕಾ ಸೇರಿ ಟೋಬರ್ಮೊರೈಟ್ ಎಂಬ ಹರಳುಗಳಾಗುತ್ತವೆ. ಬಲ ಬರುವುದು ಈ ಹರಳುಗಳಿಂದ. ಜಲಜನಕ ಹಾರಿಹೋಗಿ ರಂಧ್ರಗಳಲ್ಲಿ ಗಾಳಿ ತುಂಬಿಕೊಳ್ಳುತ್ತದೆ.

ಎರಡನೆಯದು ಮೊದಲೇ ಸಿದ್ಧಪಡಿಸಿದ ನೊರೆ. ಪ್ರೋಟೀನ್ ಆಧಾರಿತ ಅಥವಾ ಸಂಶ್ಲೇಷಿತ ಸಾಬೂನಿನಂಥ ದ್ರವವನ್ನು ಯಂತ್ರದಲ್ಲಿ ಗಾಳಿಯೊಂದಿಗೆ ಕಡೆದು ದಟ್ಟ ನೊರೆ ಮಾಡಿ, ಸಿಮೆಂಟ್–ಹಾರುಬೂದಿಯ ರಾಡಿಗೆ ಬೆರೆಸಲಾಗುತ್ತದೆ. ಇದು 'ಸಿಎಲ್‌ಸಿ' ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. ಆಟೊಕ್ಲೇವ್ ಬೇಕಿಲ್ಲವಾದ್ದರಿಂದ ಕಡಿಮೆ ಬಂಡವಾಳದಲ್ಲಿ ಘಟಕ ಆರಂಭಿಸಬಹುದು. ಆದರೆ ನೀರುಣಿಸಿ ದಿನಗಟ್ಟಲೆ ಹದಮಾಡಬೇಕು. ಅದೇ ಸಾಂದ್ರತೆಯ ಎಎಸಿಗೆ ಹೋಲಿಸಿದರೆ ಬಲ ಕಡಿಮೆ, ಒಣಗುವಾಗಿನ ಕುಗ್ಗುವಿಕೆ ಹೆಚ್ಚು.

ಮೂರನೆಯದು ಹೈಡ್ರೋಜನ್ ಪೆರಾಕ್ಸೈಡ್. ಇದು ಒಡೆದು ನೀರು ಮತ್ತು ಆಮ್ಲಜನಕವಾಗುತ್ತದೆ. ಫ್ರಾನ್ಸಿನ ಜೋಸೆಫ್ ಡೇವಿಡೊವಿಟ್ಸ್ 1970ರ ದಶಕದಲ್ಲಿ ಹೆಸರಿಟ್ಟ 'ಜಿಯೋಪಾಲಿಮರ್' ಎಂಬ ವಸ್ತುವರ್ಗದಲ್ಲಿ ಇದರ ಬಳಕೆ ಹೆಚ್ಚು ಅಧ್ಯಯನಕ್ಕೆ ಒಳಗಾಗಿದೆ. ಹಾರುಬೂದಿ, ಕಿಟ್ಟ ಅಥವಾ ಸುಟ್ಟ ಜೇಡಿಯನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಿಲಿಕೇಟಿನ ದ್ರಾವಣದಲ್ಲಿ ಕಲಸಿದರೆ, ಭಟ್ಟಿಯ ಉರಿಯಿಲ್ಲದೆಯೇ ಪಿಂಗಾಣಿಯನ್ನು ಹೋಲುವ ಗಟ್ಟಿ ಜಾಲ ರೂಪುಗೊಳ್ಳುತ್ತದೆ. ಅದನ್ನು ನೊರೆಯಾಗಿಸಿದರೆ ಬೆಂಕಿ ತಾಳುವ, ಶಾಖ ತಡೆಯುವ ಹಗುರ ವಸ್ತು ಸಿಗುತ್ತದೆ.

ಎರಡು ಗಡಿಯಾರಗಳ ಹೊಂದಾಣಿಕೆ

ನೊರೆಕಾರಕ ಎಷ್ಟು ಎಂಬಷ್ಟೇ ಯಾವಾಗ ಎಂಬುದೂ ನಿರ್ಣಾಯಕ. ಮಿಶ್ರಣದಲ್ಲಿ ಏಕಕಾಲಕ್ಕೆ ಎರಡು ಕ್ರಿಯೆಗಳು ಸಾಗುತ್ತವೆ. ಒಂದೆಡೆ ಅನಿಲ ಹುಟ್ಟುತ್ತದೆ, ಮತ್ತೊಂದೆಡೆ ಮುದ್ದೆ ಬಿಗಿಯಾಗುತ್ತದೆ. ಅನಿಲ ಬೇಗ ಹೊರಟು ಮುದ್ದೆ ಇನ್ನೂ ತೆಳುವಾಗಿದ್ದರೆ ಗುಳ್ಳೆಗಳು ಮೇಲೇರಿ ಒಡೆದು, ಉಬ್ಬಿದ್ದು ಕುಸಿಯುತ್ತದೆ. ಮುದ್ದೆ ಮೊದಲೇ ಬಿಗಿದರೆ ತಡವಾಗಿ ಬಂದ ಅನಿಲ ದಾರಿ ಕಾಣದೆ ಪದರು ಪದರಾಗಿ ಬಿರುಕು ಮೂಡಿಸುತ್ತದೆ. ಎರಡೂ ಜತೆಯಾಗಿ ಮುಗಿದಾಗ ಮಾತ್ರ ಮಿಲಿಮೀಟರಿನ ಆಸುಪಾಸಿನ, ಸಮಗಾತ್ರದ, ದುಂಡನೆಯ ರಂಧ್ರಗಳು ಉಳಿಯುತ್ತವೆ.

ಈ ಹೊಂದಾಣಿಕೆಯನ್ನು ಹಲವು ಸಂಗತಿಗಳು ಕೆಡಿಸಬಲ್ಲವು. ಅಲ್ಯೂಮಿನಿಯಂ ಪುಡಿ ನುಣುಪಾದಷ್ಟೂ ಕ್ರಿಯೆ ಚುರುಕು, ಒರಟಾದಷ್ಟೂ ನಿಧಾನ. ಏಪ್ರಿಲ್–ಮೇ ತಿಂಗಳಲ್ಲಿ ಬಯಲಿನ ತೊಟ್ಟಿಯಲ್ಲಿ ಕಾದ ನೀರನ್ನು ಹಾಗೆಯೇ ಬಳಸಿದರೆ ಅನಿಲ ಅವಧಿಗೆ ಮುನ್ನವೇ ಹೊರಡುತ್ತದೆ. ಬೂದಿಯಲ್ಲಿ ಉರಿಯದ ಇಂಗಾಲ ಉಳಿದಿದ್ದರೆ ಅದು ನೊರೆದ್ರವವನ್ನು ಹೀರಿಕೊಂಡು ನೊರೆಯನ್ನು ಕುಗ್ಗಿಸುತ್ತದೆ. ಕಿಟ್ಟ ಮತ್ತು ಬೂದಿಯಲ್ಲಿರುವ ಕಬ್ಬಿಣ ಹಾಗೂ ಮ್ಯಾಂಗನೀಸಿನ ಆಕ್ಸೈಡುಗಳು ಪೆರಾಕ್ಸೈಡನ್ನು ಬೇಗ ಒಡೆಯುತ್ತವೆ. ಆದ್ದರಿಂದ ಬೇರೆಲ್ಲೋ ಸಿದ್ಧವಾದ ಪ್ರಮಾಣಸೂತ್ರ ಗಿಣಿಗೇರಾದ ಕಿಟ್ಟಕ್ಕೂ ಶಕ್ತಿನಗರದ ಬೂದಿಗೂ ಯಥಾವತ್ತಾಗಿ ಹೊಂದೀತೆಂದು ಹೇಳಲಾಗದು. ಪ್ರತಿ ಮೂಲದ ವಸ್ತುವಿಗೂ ಪ್ರಯೋಗ ನಡೆಸಿ ಹದ ನಿರ್ಧರಿಸಬೇಕಾಗುತ್ತದೆ.

ಹುಟ್ಟಿದ ಗುಳ್ಳೆಯೂ ಸ್ಥಿರವಲ್ಲ. ಗುಳ್ಳೆಗಳ ನಡುವಿನ ಪೊರೆಯಿಂದ ದ್ರವ ಕೆಳಗಿಳಿದಂತೆ ಪೊರೆ ತೆಳುವಾಗಿ ಹರಿಯುತ್ತದೆ, ಪಕ್ಕದ ಗುಳ್ಳೆಗಳು ಒಂದಾಗುತ್ತವೆ. ಚಿಕ್ಕ ಗುಳ್ಳೆಯೊಳಗಿನ ಒತ್ತಡ ದೊಡ್ಡದರ ಒತ್ತಡಕ್ಕಿಂತ ಹೆಚ್ಚಾದ್ದರಿಂದ ಅನಿಲ ಚಿಕ್ಕದರಿಂದ ದೊಡ್ಡದಕ್ಕೆ ಸರಿಯುತ್ತದೆ. ಇದನ್ನು ತಡೆಯಲು ಪೊರೆಯನ್ನು ಬಲಪಡಿಸುವ ಸ್ಥಿರಕಾರಕಗಳನ್ನು ಬೆರೆಸುತ್ತಾರೆ. ಪ್ರೋಟೀನ್ ಆಧಾರಿತ ನೊರೆ ಸಾಮಾನ್ಯವಾಗಿ ಹೆಚ್ಚು ಹೊತ್ತು ನಿಲ್ಲುತ್ತದೆ. ಸಂಶ್ಲೇಷಿತ ನೊರೆ ಅಗ್ಗ, ಶೇಖರಣೆ ಸುಲಭ.

ಗುಣಗಳ ಮೇಲೆ ಪರಿಣಾಮ

ಸಾಂದ್ರತೆ: ಮಾರುಕಟ್ಟೆಯ ಎಎಸಿ ಬ್ಲಾಕಿನ ಒಣ ಸಾಂದ್ರತೆ ಸಾಮಾನ್ಯವಾಗಿ ಘನ ಮೀಟರಿಗೆ 550ರಿಂದ 650 ಕಿಲೋ. 600 ಎಂದಿಟ್ಟುಕೊಂಡರೆ ಅದರ ಗಾತ್ರದ ಸುಮಾರು ಮುಕ್ಕಾಲು ಪಾಲು ಖಾಲಿ ಜಾಗ. 600 ಮಿ.ಮೀ. ಉದ್ದ, 200 ಮಿ.ಮೀ. ಎತ್ತರ, 200 ಮಿ.ಮೀ. ದಪ್ಪದ ಬ್ಲಾಕ್ ಒಣಗಿದ್ದಾಗ ತೂಗುವುದು ಸುಮಾರು ಹದಿನಾಲ್ಕೂವರೆ ಕಿಲೋ. ಅಷ್ಟೇ ಗಾತ್ರದ ಸುಟ್ಟ ಇಟ್ಟಿಗೆಯ ಗೋಡೆ 40 ಕಿಲೋ ಮೀರುತ್ತದೆ.

ಬಲ: ರಂಧ್ರ ಹೆಚ್ಚಿದಂತೆ ಬಲ ಕುಗ್ಗುತ್ತದೆ, ಅದೂ ಸಮಪ್ರಮಾಣದಲ್ಲಲ್ಲ, ಅದಕ್ಕಿಂತ ವೇಗವಾಗಿ. ನೊರೆರೂಪದ ಬಿರುಸು ವಸ್ತುಗಳಿಗೆ ಅನ್ವಯಿಸುವ ಒಂದು ಪ್ರಸಿದ್ಧ ಲೆಕ್ಕಾಚಾರದಂತೆ ಸಾಂದ್ರತೆ ಅರ್ಧವಾದರೆ ಬಲ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ. ಭಾರತೀಯ ಮಾನಕ ಐಎಸ್ 2185ರ ಮೂರನೇ ಭಾಗ (1984) ಇದನ್ನೇ ಪ್ರತಿಬಿಂಬಿಸುತ್ತದೆ. 551–650 ಸಾಂದ್ರತೆಯ ಮೊದಲ ದರ್ಜೆಯ ಬ್ಲಾಕ್ ಚದರ ಮಿಲಿಮೀಟರಿಗೆ ಕನಿಷ್ಠ 4 ನ್ಯೂಟನ್, ಎರಡನೇ ದರ್ಜೆಯದು 3 ನ್ಯೂಟನ್ ಒತ್ತಡ ತಾಳಬೇಕು. 451–550ರ ವರ್ಗಕ್ಕೆ ಈ ಮಿತಿ ಕ್ರಮವಾಗಿ 2 ಮತ್ತು 1.5. ಒಂದೇ ಸಾಂದ್ರತೆಯ ಎರಡು ಬ್ಲಾಕುಗಳಲ್ಲಿಯೂ ರಂಧ್ರಗಳು ಸಮನಾಗಿ ಹರಡಿರುವುದೇ ಬಲಶಾಲಿ. ಬಿರುಕು ಆರಂಭವಾಗುವುದು ಅತಿ ದೊಡ್ಡ ರಂಧ್ರದಿಂದ ಎಂಬುದೇ ಇದಕ್ಕೆ ಕಾರಣ.

ಶಾಖನಿರೋಧ: ನಿಶ್ಚಲ ಗಾಳಿ ಶಾಖದ ಅತ್ಯಂತ ದುರ್ಬಲ ವಾಹಕ. ಇದೇ ಮಾನಕದ ಪ್ರಕಾರ 551–650 ಸಾಂದ್ರತೆಯ ಬ್ಲಾಕಿನ ಉಷ್ಣವಾಹಕತೆ ಮೀಟರ್–ಕೆಲ್ವಿನ್‌ಗೆ 0.24 ವ್ಯಾಟ್ ಮೀರಬಾರದು. ಸುಟ್ಟ ಇಟ್ಟಿಗೆಯದು ಇದರ ಸುಮಾರು ಮೂರು ಪಟ್ಟು. ಆದರೆ ರಂಧ್ರ ಚಿಕ್ಕದಾಗಿ, ಒಂದರಿಂದೊಂದು ಬೇರ್ಪಟ್ಟಿದ್ದರೆ ಮಾತ್ರ ಪೂರ್ಣ ಲಾಭ. ಹಲವು ಮಿಲಿಮೀಟರಿನ ರಂಧ್ರಗಳಲ್ಲಿ ಗಾಳಿಯೇ ಸುತ್ತಾಡಿ ಶಾಖ ಸಾಗಿಸುತ್ತದೆ. ಒಂದಂತಸ್ತಿನ ಮನೆಗೆ ಹೆಚ್ಚಿನ ಶಾಖ ಇಳಿಯುವುದು ಆರ್‌ಸಿಸಿ ಛಾವಣಿಯಿಂದ. ಆದ್ದರಿಂದ ಗೋಡೆಯನ್ನಷ್ಟೇ ಬದಲಿಸಿದರೆ ಮನೆ ಪೂರ್ತಿ ತಂಪಾಗದು.

ನೀರು: ರಂಧ್ರಗಳು ಪರಸ್ಪರ ಕೂಡಿಕೊಂಡಿದ್ದರೆ ನೀರು ಹೀರಿಕೆ ಹೆಚ್ಚುತ್ತದೆ. ಗಾಳಿಗಿಂತ ನೀರು ಇಪ್ಪತ್ತಕ್ಕೂ ಹೆಚ್ಚು ಪಟ್ಟು ಶಾಖವಾಹಕವಾದ್ದರಿಂದ ತೇವಗೊಂಡ ಬ್ಲಾಕ್ ತನ್ನ ಮುಖ್ಯ ಗುಣವನ್ನೇ ಕಳೆದುಕೊಳ್ಳುತ್ತದೆ. ತೇವ ಶೇ 1ರಷ್ಟು ಏರಿದರೆ ಎಎಸಿಯ ಉಷ್ಣವಾಹಕತೆ ಸುಮಾರು ಶೇ 4ರಷ್ಟು ಹೆಚ್ಚುತ್ತದೆ. ಹೊರಗೋಡೆಗೆ ಗಿಲಾವು ಅನಿವಾರ್ಯವೆಂಬುದಕ್ಕೆ ಇದೇ ಕಾರಣ.

ಬೆಂಕಿ: ದಹಿಸುವ ವಸ್ತುವಿಲ್ಲದ ಕಾರಣ ಈ ಬ್ಲಾಕುಗಳು ಉರಿಯುವುದಿಲ್ಲ. ಶಾಖ ನಿಧಾನವಾಗಿ ಹರಿಯುವುದರಿಂದ ಬೆಂಕಿ ಪಕ್ಕದ ಕೋಣೆಗೆ ದಾಟುವುದೂ ತಡವಾಗುತ್ತದೆ.

ಎರೆಭೂಮಿಯ ಎಚ್ಚರಿಕೆ

ಕುಕನೂರು–ಯಲಬುರ್ಗಾ ಸೀಮೆಯಲ್ಲಿ ಎರೆಭೂಮಿ ಹೇರಳ. ಮಳೆಗೆ ಹಿಗ್ಗಿ ಬೇಸಿಗೆಗೆ ಕುಗ್ಗುವ ಈ ಮಣ್ಣು ಸುಟ್ಟ ಇಟ್ಟಿಗೆಗೆ ಒಗ್ಗುವುದು ಕಷ್ಟ. ಒಣಗುವಾಗಲೇ ಬಿರುಕು ಬಿಡುತ್ತದೆ. ಹಾಗಾಗಿ ಹಾರುಬೂದಿಯ ಬ್ಲಾಕ್ ಇಲ್ಲಿ ಸಹಜವಾದ ಪರ್ಯಾಯವೆನಿಸುತ್ತದೆ. ಆದರೆ ಅದೇ ಮಣ್ಣು ಅಡಿಪಾಯದ ಕೆಳಗೂ ಇರುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಹಗುರ ಗೋಡೆಯಿಂದ ಅಡಿಪಾಯದ ಭಾರ ಇಳಿಯುತ್ತದೆ ಎಂಬ ಮಾತು ಗಟ್ಟಿ ನೆಲದಲ್ಲಿ ಲಾಭವೇ ಸರಿ. ಎರೆಭೂಮಿಯಲ್ಲಿ ಹಿಗ್ಗುವ ಮಣ್ಣು ಹಗುರ ಕಟ್ಟಡವನ್ನು ಭಾರವಾದ ಕಟ್ಟಡಕ್ಕಿಂತ ಸುಲಭವಾಗಿ ಎತ್ತುತ್ತದೆ. ಒಂದು ಮೂಲೆ ಎದ್ದು ಮತ್ತೊಂದು ಕುಳಿತಾಗ ಬಿರುಸು ಸ್ವಭಾವದ ರಂಧ್ರಮಯ ಗೋಡೆ ಬಾಗದೆ ಸೀಳುತ್ತದೆ. ಇಂಥ ಬಿರುಕನ್ನು ಬ್ಲಾಕಿನ ದೋಷವೆಂದು ದೂರುವುದುಂಟು, ದೋಷ ಮಾತ್ರ ನೆಲದಲ್ಲಿರುತ್ತದೆ. ತೇವ ಬದಲಾಗದ ಆಳಕ್ಕೆ ಇಳಿಯುವ ಅಡಿಪಾಯ ಅಥವಾ ಬುಡ ಅಗಲವಾದ ಅಂಡರ್‌ರೀಮ್ಡ್ ಪೈಲ್, ಪಾಯದ ಮೇಲೆ ಮತ್ತು ಕಿಟಕಿಯ ಮಟ್ಟದಲ್ಲಿ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ, ಮನೆಯ ಸುತ್ತ ನೀರು ನಿಲ್ಲದ ವ್ಯವಸ್ಥೆ ಇವು ಇಲ್ಲಿ ಬ್ಲಾಕಿನ ಆಯ್ಕೆಗಿಂತ ಮುಖ್ಯ.

ಇನ್ನೊಂದು ಬಿರುಕು ಕುಗ್ಗುವಿಕೆಯದು. ಆಟೊಕ್ಲೇವಿನಿಂದ ಹೊರಬಂದಾಗ ಬ್ಲಾಕಿನಲ್ಲಿ ತೂಕದ ಸುಮಾರು ಶೇ 30ರಷ್ಟು ತೇವವಿರಬಹುದು. ಅದನ್ನು ಹಸಿಯಾಗಿಯೇ ಕಟ್ಟಿದರೆ ಗೋಡೆಯಾದ ಮೇಲೆ ಒಣಗಿ ಕುಗ್ಗುತ್ತದೆ. ಮಾನಕ ಮೊದಲ ದರ್ಜೆಗೆ ಶೇ 0.05, ಎರಡನೇ ದರ್ಜೆಗೆ ಶೇ 0.10ರಷ್ಟು ಕುಗ್ಗುವಿಕೆಯನ್ನಷ್ಟೇ ಒಪ್ಪುತ್ತದೆ.

ಕೊಳ್ಳುವ ಮುನ್ನ

ರಂಧ್ರಗಳ ಗುಣಮಟ್ಟವನ್ನು ಸಾಮಾನ್ಯ ಗ್ರಾಹಕರೂ ಸ್ವಲ್ಪಮಟ್ಟಿಗೆ ಅಳೆಯಬಹುದು. ಚೆನ್ನಾಗಿ ಒಣಗಿದ ಬ್ಲಾಕನ್ನು ತೂಗಿ, ಅಳತೆಯಿಂದ ಭಾಗಿಸಿದರೆ ಸಾಂದ್ರತೆ ತಿಳಿಯುತ್ತದೆ. ಒಂದನ್ನು ಒಡೆದು ನೋಡಿದರೆ ರಂಧ್ರಗಳು ಎಲ್ಲೆಡೆ ಒಂದೇ ತೆರನಾಗಿರಬೇಕು. ಕೆಳಭಾಗ ಗಟ್ಟಿಯಾಗಿ ಮೇಲ್ಭಾಗ ಪೊಳ್ಳಾಗಿದ್ದರೆ, ರಂಧ್ರಗಳು ಉದ್ದಕ್ಕೆ ಎಳೆದಂತೆ ಅಥವಾ ಪದರು ಪದರಾಗಿದ್ದರೆ ಮಿಶ್ರಣದ ಹದ ತಪ್ಪಿದೆ ಎಂದರ್ಥ. ಮಾರಾಟಗಾರ ಕೊಡುವುದು ಎಎಸಿಯೋ ಸಿಎಲ್‌ಸಿಯೋ ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ಎರಡಕ್ಕೂ ಮಾನಕ ಬೇರೆ. ಸಿಎಲ್‌ಸಿಗೆ ಐಎಸ್ 2185ರ ನಾಲ್ಕನೇ ಭಾಗ (2008) ಅನ್ವಯಿಸುತ್ತದೆ. ಬಲ, ಸಾಂದ್ರತೆ, ಕುಗ್ಗುವಿಕೆ ಮೂರರ ಪರೀಕ್ಷಾ ವರದಿ ಕೇಳುವುದು ಗ್ರಾಹಕರ ಹಕ್ಕು. ಗೋಡೆಗೆ ಗೂಟ, ಕಪಾಟು, ನೀರಿನ ಟ್ಯಾಂಕಿನ ಆಸರೆ ಬೇಕಿದ್ದರೆ ಸಾಮಾನ್ಯ ಮೊಳೆ ನಿಲ್ಲದು. ರಂಧ್ರಮಯ ಬ್ಲಾಕಿಗೆಂದೇ ಇರುವ ಆಂಕರ್ ಬಳಸುವಂತೆ ಗೌಂಡಿಗೆ ಮೊದಲೇ ಹೇಳಬೇಕು.

ಉತ್ಪಾದಿಸುವವರ ಎಚ್ಚರಿಕೆ ಬೇರೆ. ಒಣ ಅಲ್ಯೂಮಿನಿಯಂ ಪುಡಿ ಗಾಳಿಯಲ್ಲಿ ಹರಡಿದರೆ ಕಿಡಿಯಿಂದ ಸ್ಫೋಟಿಸಬಲ್ಲದು; ಹಲವು ಘಟಕಗಳು ಅದರ ಬದಲು ಪೇಸ್ಟ್ ಬಳಸುವುದು ಇದಕ್ಕಾಗಿಯೇ. ಜಲಜನಕವೂ ದಹನಶೀಲವಾದ್ದರಿಂದ ಉಬ್ಬಿಸುವ ಕೊಠಡಿಗೆ ಗಾಳಿಯ ಹೊರದಾರಿ ಬೇಕು. ಜಿಯೋಪಾಲಿಮರಿನ ಕಾಸ್ಟಿಕ್ ದ್ರಾವಣ ಮತ್ತು ಸಾಂದ್ರ ಪೆರಾಕ್ಸೈಡ್ ಚರ್ಮ, ಕಣ್ಣುಗಳನ್ನು ಸುಡುತ್ತವೆ. ಕೈಗವಸು, ಕನ್ನಡಕವಿಲ್ಲದೆ ಕಾರ್ಮಿಕರನ್ನು ಈ ಕೆಲಸಕ್ಕೆ ಇಳಿಸುವಂತಿಲ್ಲ.

ಹಗುರ ಬ್ಲಾಕ್ ಎಲ್ಲ ಮನೆಗೂ ಏಕೈಕ ಉತ್ತರವೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ ಅಭಿವೃದ್ಧಿಪಡಿಸಿದ, ಯಂತ್ರದಲ್ಲಿ ಒತ್ತಿ ಮಾಡುವ ಸ್ಥಿರೀಕೃತ ಮಣ್ಣಿನ ಇಟ್ಟಿಗೆ ಕೆಂಪು ಮಣ್ಣಿನ ಊರುಗಳಿಗೆ ಇಂದಿಗೂ ಒಳ್ಳೆಯ ಆಯ್ಕೆ. ಆದರೆ ಬೂದಿಗುಡ್ಡಗಳು ಸಮೀಪದಲ್ಲೇ ಬೆಳೆಯುತ್ತಿರುವ, ಇಟ್ಟಿಗೆಗೆ ಒಗ್ಗದ ಎರೆಮಣ್ಣಿನ, ಬಿಸಿಲು ಕಾಯುವ ಸೀಮೆಯಲ್ಲಿ ನೊರೆಯಿಂದ ಹುಟ್ಟುವ ಈ ವಸ್ತುವಿಗೆ ಸ್ಥಾನವಿದೆ. ಬ್ಲಾಕಿನ ರಂಧ್ರಗಳ ಹದವನ್ನು ಕಾರ್ಖಾನೆಯೂ, ಅಡಿಪಾಯದ ಆಳವನ್ನು ಕಟ್ಟುವವರೂ ಸರಿಯಾಗಿ ನೋಡಿಕೊಂಡಲ್ಲಿ ಹಳೆಯ ಜಂತಿಮನೆಯ ತಂಪಿನ ಒಂದು ಪಾಲಾದರೂ ಹೊಸ ಮನೆಗೆ ದಕ್ಕಬಹುದು.